ಕಸಕ್ಕೆ ಹೋದ ಓಬಿ

"ಓಬಿ ಎಲ್ಲಿ?"

ಅಪ್ಪನ ಬಾಯಲ್ಲಿ ಟೂತ್‌ಬ್ರಶ್ ಇತ್ತು. ಆದರೂ ಕೊಜುಯೆಗೆ ಸ್ಪಷ್ಟವಾಗಿಯೇ ಕೇಳಿಸಿತು.

"ಯಾವ ಓಬಿ?"

"ರೆಕಾರ್ಡ್ ಡಬ್ಬಕ್ಕೆ ಸುತ್ತಿತ್ತಲ್ಲ, ಕಾಗದದ ಪಟ್ಟಿ! ಅದ್ರ ಮೇಲೆ ತೆಳು ಪ್ಲಾಸ್ಟಿಕ್ ಬೇರೆ ಇತ್ತು! ಎಲ್ಲಿ ಅದೆಲ್ಲ?" ಅಪ್ಪನ ಬಾಯಿಂದ ನೊರೆ ಹಾರಿ ಟೀವಿಯ ಮೇಲೆ ಬಿತ್ತು.

"ಮೊದ್ಲು ಉಗುಳ್ಬಿಟ್ಟು ಬಾರೋ. ಹುಚ್ಚುನಾಯಿ ಥರ ಕಾಣ್ತಿದೀಯ," ಎಂದಳು ಅಜ್ಜಿ.

"ಪ್ಲಾಸ್ಟಿಕ್ಕನ್ನ ಪ್ಲಾಸ್ಟಿಕ್ ಚೀಲಕ್ಕೆ ಹಾಕ್ದೆ. ಪಟ್ಟಿನ ಪೇಪರ್ ಕಟ್ಟಿಗೆ ಸೇರಿಸ್ದೆ. ನೀಟಾಗಿ ಮಡಚಿದೀನಪ್ಪ," ಎಂದಳು ಕೊಜುಯೆ.

ಹೇಳುವಾಗ ಅವಳಿಗೆ ಹೆಮ್ಮೆಯೇ ಇತ್ತು. ನಾಲ್ಕನೇ ಕ್ಲಾಸಿಗೆಲ್ಲ ಕಸ ವಿಂಗಡಣೆಯ ಲೀಡರ್ ಅವಳು. ಬೇಸಿಗೆ ರಜೆಯಲ್ಲೂ ಬಿಡುವವಳಲ್ಲ. ಸೋಮವಾರ ಬೆಳಿಗ್ಗೆ ಪೇಪರ್ ಮತ್ತು ಪ್ಲಾಸ್ಟಿಕ್ ಲಾರಿಗಳು ಬರುತ್ತವೆ. ಅಷ್ಟರೊಳಗೆ ಮನೆಯಲ್ಲಿ ಏನೂ ಉಳಿಯಬಾರದು. ಅಂಗಡಿಯ ಊಟದ ಡಬ್ಬಿಗೂ ಇಂಥದೇ ಪಟ್ಟಿ ಸುತ್ತಿರುತ್ತದೆ. ಅದನ್ನು ಯಾರಾದರೂ ಎತ್ತಿಟ್ಟುಕೊಳ್ಳುತ್ತಾರೆಯೇ?

ಅಪ್ಪ ಸುಮ್ಮನಾದ.

ಕೊಜುಯೆಗೆ ಈಗ ನಿಜವಾಗಿ ಹೆದರಿಕೆಯಾಯಿತು. ಅಪ್ಪ ಬೈದರೆ ಪರವಾಗಿಲ್ಲ, ಬೈಗುಳ ಬೇಗ ಮುಗಿಯುತ್ತದೆ. ಸುಮ್ಮನಾದರೆ ಕಷ್ಟ. ಹೋದ ಚಳಿಗಾಲದಲ್ಲಿ ಅಜ್ಜಿ ಒಂದು ಹಳೆಯ ರೆಕಾರ್ಡಿನ ಕವರಿನ ಮೇಲೆ ಬಿಸಿ ಪಾತ್ರೆ ಇಟ್ಟುಬಿಟ್ಟಿದ್ದಳು. ಆಗ ಅಪ್ಪ ವಾರವಿಡೀ ಮಾತು ಬಿಟ್ಟಿದ್ದ. ತನ್ನ ಕ್ಷೌರದಂಗಡಿಯ ಗಿರಾಕಿಗಳಿಗೂ ಮಾತಿಲ್ಲದೆ ಕಟಿಂಗ್ ಮಾಡಿ ಕಳಿಸಿದ್ದ.

ಈ ಡಬ್ಬವಂತೂ ಅಪ್ಪನ ಪ್ರಾಣ. ಇಂಗ್ಲೆಂಡಿನ ಉದ್ದಗೂದಲಿನ ನಾಲ್ವರು ಐವತ್ತು ವರ್ಷಗಳ ಹಿಂದೆ ಮಾಡಿದ ರಾಕ್ ಆಲ್ಬಮ್. ಈಗ ಮೂರು ರೆಕಾರ್ಡು, ದಪ್ಪ ಪುಸ್ತಕ, ಪೋಸ್ಟರು ಎಲ್ಲ ಸೇರಿಸಿ ಹೊಸದಾಗಿ ಅಚ್ಚು ಹಾಕಿಸಿದ್ದರು. ಅಪ್ಪ ಚಳಿಗಾಲದಲ್ಲೇ ಬುಕ್ ಮಾಡಿ ಕಾದಿದ್ದ. ನಿನ್ನೆ ಬಂದ ಡಬ್ಬವನ್ನು ಬಿಚ್ಚಲೂ ಇಲ್ಲ. ತಾತನ ಫೋಟೋ ಇರುವ ಪೂಜೆಯ ಗೂಡಿನ ಮುಂದಿಟ್ಟು, ಪುಟ್ಟ ಗಂಟೆ ಬಾರಿಸಿ, ಕೈ ಮುಗಿದಿದ್ದ.

"ಬದುಕಿದ್ದಾಗ ಈ ಹಾಡಿಗೆ ಕಿವಿ ಮುಚ್ಕೋತಿದ್ರು ಪಾಪ. ಸತ್ಮೇಲೂ ಬಿಡ್ಲಿಲ್ವಲ್ಲೋ," ಎಂದಿದ್ದಳು ಅಜ್ಜಿ.

ಅಪ್ಪ ಈಗ ಬಾಯಿ ತೊಳೆದು ಚಪ್ಪಲಿ ಮೆಟ್ಟಿದ. ಒಂದು ಅವನದು, ಇನ್ನೊಂದು ಅಜ್ಜಿಯದು. ಪೈಜಾಮದಲ್ಲೇ ಓಡಿದ. ಕೊಜುಯೆ ಹಿಂದೆಯೇ ಓಡಿದಳು.

ಬೀದಿಯ ತುದಿಯಲ್ಲಿ ಕಾಗೆಗಳು ಕೆದಕದಂತೆ ಕಸದ ಮೇಲೆ ನೀಲಿ ಬಲೆ ಹೊದಿಸಿತ್ತು. ಪ್ಲಾಸ್ಟಿಕ್ ಲಾರಿ ಆಗಲೇ ಬಂದುಹೋಗಿತ್ತು. ಪೇಪರ್ ಕಟ್ಟುಗಳು ಇನ್ನೂ ಇದ್ದವು. ಪಕ್ಕದಲ್ಲೇ ಕಾಡೊವಾಕಿ ಆಂಟಿ ಪೊರಕೆ ಹಿಡಿದು ನಿಂತಿದ್ದರು. ಈ ವರ್ಷ ಬೀದಿಯ ಕಸದ ಉಸ್ತುವಾರಿ ಅವರದು.

"ಕಾಡೊವಾಕಿಯವ್ರೇ, ಒಂದು ಕಾಗದ ವಾಪಸ್ ತಗೋಬೇಕಿತ್ತು."

"ಬಲೆ ಒಳಗೆ ಹೋದ್ಮೇಲೆ ಮುಗೀತು. ಎಲ್ರೂ ಬಂದು ಕೆದಕ್ತಾ ಕೂತ್ರೆ ನಮಗೂ ಕಾಗೆಗೂ ಏನ್ರೀ ವ್ಯತ್ಯಾಸ?"

"ಅಯ್ಯೋ, ಅದು ನನ್ನದೇ ಕಸ ಕಣ್ರೀ!"

"ಕಾಗೆನೂ ಹಾಗೇ ಅನ್ಕೊಳ್ಳುತ್ತೆ."

ಮೂಲೆಯಾಚೆ ಲಾರಿಯ ಸದ್ದು ಕೇಳಿಸಿತು. ಅಪ್ಪ ಬಲೆಯನ್ನು ನೋಡಿದ, ಪೊರಕೆಯನ್ನು ನೋಡಿದ. ಅಪ್ಪ ತನಗೆ ಏನನ್ನುತ್ತಾನೋ ಎಂದು ಕೊಜುಯೆ ಹೆದರಿ ನಿಂತಳು. ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಅದು ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂತಲೂ ಅನಿಸಿತು.

"ಆಂಟಿ, ತಪ್ಪು ಕಸ ಹಾಕಿದ್ರೆ ಹಾಕಿದವ್ರೇ ವಾಪಸ್ ತಗೊಂಡ್ಹೋಗ್ಬೇಕು, ಅಲ್ವಾ?"

"ಹೂಂ, ರೂಲ್ಸೇ ಹಾಗಿದೆ."

"ಆ ಪಟ್ಟಿ ಮೇಲೆ ಹೊಳಪಿನ ಪ್ಲಾಸ್ಟಿಕ್ ಅಂಟಿಸಿದಾರೆ. ಅಂಥದ್ದು ಪೇಪರ್‌ಗೆ ಬರಲ್ಲ. ನಾನು ನೋಡ್ದೇ ಹಾಕ್ಬಿಟ್ಟೆ. ವಿಂಗಡಣೆ ತಪ್ಪಾಗಿದೆ." ಅವಳ ಕಿವಿ ಕೆಂಪಾಯಿತು.

ಕಾಡೊವಾಕಿ ಆಂಟಿಯ ಮುಖ ಅರಳಿತು. ಹೋದ ತಿಂಗಳು ಅವರ ಸೋಯಾ ಸಾಸ್ ಬಾಟಲಿಯಲ್ಲಿ ತೆಗೆಯದೇ ಬಿಟ್ಟಿದ್ದ ಮುಚ್ಚಳವನ್ನು ಇದೇ ಹುಡುಗಿ ಎಲ್ಲರೆದುರು ಎತ್ತಿ ತೋರಿಸಿದ್ದಳು. "ಓಹೋ, ಲೀಡರಮ್ಮನೂ ತಪ್ಪು ಮಾಡ್ತಾಳಾ! ಬಿಚ್ರೀ, ಬೇಗ ಬಿಚ್ರೀ!"

ಬಿಚ್ಚುವುದೇನು ಸುಲಭವೇ? ದಾರ ಜಗ್ಗಲೇ ಇಲ್ಲ. "ಯಾವ ಮಹಾನುಭಾವರು ಕಟ್ಟಿದ್ದು ಇದನ್ನ?" ಎಂದು ಅಪ್ಪ ಹಲ್ಲಿನಿಂದ ಕಚ್ಚಿ ಎಳೆದ.

"ನಾನೇ," ಎಂದಳು ಕೊಜುಯೆ.

ಲಾರಿ ಬಂದು ನಿಲ್ಲುವುದಕ್ಕೂ ಓಬಿ ಕೈಗೆ ಸಿಗುವುದಕ್ಕೂ ಸರಿಹೋಯಿತು. ನಾಲ್ಕು ಮಡಿಕೆ. ಗೆರೆಗಳು ಎದ್ದು ಕಾಣುತ್ತಿದ್ದವು.

ಮನೆಯಲ್ಲಿ ಅಜ್ಜಿ ಓಬಿಯನ್ನು ತಿರುಗಿಸಿ ನೋಡಿದಳು. "ಇಸ್ತ್ರಿ ಇಟ್ರೆ ಕರಗಿಹೋಗುತ್ತೆ. ಇಲ್ಲಿ ಹಾಕು, ನಾನು ಕೂತ್ಕೋತೀನಿ." ಎರಡು ರಟ್ಟುಗಳ ನಡುವೆ ಅದನ್ನಿಟ್ಟು, ಮೇಲೆ ದಿಂಬು ಹಾಕಿ, ಅಜ್ಜಿ ಮಹಾರಾಣಿಯ ಹಾಗೆ ಕೂತಳು.

"ಹೊಸದ್ರ ಥರಾನೇ ಇಟ್ಕೋಬೇಕು ಅಂತಿದ್ದೆ. ಬಿಚ್ಚೋಕೆ ಅಂತ ತರಿಸಿದ್ದಲ್ಲ," ಎಂದ ಅಪ್ಪ.

"ಬಿಚ್ಚದೆ ಇನ್ನೇನು, ಉಪ್ಪಿನಕಾಯಿ ಹಾಕ್ತಿದ್ಯಾ?"

ಅಪ್ಪ ಡಬ್ಬದ ಮುಂದೆ ಮಂಡಿಯೂರಿ ಬಹಳ ಹೊತ್ತು ಕೂತ. ಸೋಮವಾರ ಅಂಗಡಿಗೆ ರಜೆ. ಹೋಗಲು ಬೇರೆ ಜಾಗವಿರಲಿಲ್ಲ. ಕೊನೆಗೆ ಒಂದು ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ಹೊರತೆಗೆದ. ಪ್ಲೇಯರಿಗೆ ಹಾಕಿ ಅದರ ಮೇಲೆ ಮೆಲ್ಲಗೆ ಮುಳ್ಳು ಇಟ್ಟ.

ಹಾಡು ಶುರುವಾಯಿತು. ಶುರುವಾಯಿತು ಅನ್ನುವುದಕ್ಕಿಂತ ಮನೆಯೊಳಗೆ ನುಗ್ಗಿತು ಅನ್ನಬೇಕು. ಯಾರೋ ಬಕೆಟ್ಟುಗಳನ್ನು ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗೆ ಡ್ರಮ್ಮು. ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಒಬ್ಬ ಕೂಗುತ್ತಿದ್ದ.

"ಹೈಸ್ಕೂಲಲ್ಲಿದ್ದಾಗ ಇದನ್ನ ಕೇಳಿ ಕೇಳಿ ಸವೆಸಿಬಿಟ್ಟಿದ್ದೆ," ಎಂದ ಅಪ್ಪ. ಸದ್ದಿನ ನಡುವೆ ಕೂಗಿಯೇ ಹೇಳಬೇಕಾಯಿತು. "ಆಮೇಲೆ ಕೇಳೋಕೇ ಆಗ್ಲಿಲ್ಲ."

"ನಾಲ್ವರಿಗೂ ಕಟಿಂಗ್ ಮಾಡ್ಸು ಮೊದ್ಲು," ಎಂದಳು ಅಜ್ಜಿ, ಪೋಸ್ಟರ್ ನೋಡುತ್ತಾ.

ಅಪ್ಪ ನಗಲಿಲ್ಲ. ಅವನ ಕಾಲ್ಬೆರಳು ತಾಳ ಹಾಕುತ್ತಿತ್ತು. ಆದರೆ ಕಣ್ಣು ರೆಕಾರ್ಡಿನ ಮೇಲಿರಲಿಲ್ಲ. ಆಗಾಗ ಓರೆಯಾಗಿ ಕೊಜುಯೆಯ ಕಡೆ ನೋಡುತ್ತಿದ್ದ. ಅವಳು ತಿರುಗಿದರೆ ಥಟ್ಟನೆ ಗೋಡೆಯ ಕಡೆ ಮುಖ ಮಾಡುತ್ತಿದ್ದ.

ಒಂದು ಬದಿಯ ಹಾಡುಗಳು ಮುಗಿದವು. ಮುಳ್ಳು ಎದ್ದು ತನ್ನ ಜಾಗಕ್ಕೆ ಹೋಯಿತು.

"ಹಳೇ ಕಾಲದ್ದು, ಅಷ್ಟೇ," ಎಂದ ಅಪ್ಪ, ಯಾರೂ ಏನೂ ಕೇಳದಿದ್ದರೂ. ಕೈಯನ್ನು ಪೈಜಾಮಕ್ಕೆ ಒರೆಸಿಕೊಂಡ. "ಈಗಿನ ಮಕ್ಕಳಿಗೆ ಹಿಡಿಸಲ್ಲ ಬಿಡು."

ಕೊಜುಯೆ ಅಪ್ಪನ ಮುಖವನ್ನೇ ನೋಡಿದಳು. ಬೆಳಿಗ್ಗೆ ಕಸದ ಬಲೆಯ ಮುಂದೆ ನಿಂತಾಗ ತನಗೆ ಎಷ್ಟು ಹೆದರಿಕೆಯಾಗಿತ್ತೋ ಅಪ್ಪನಿಗೆ ಈಗ ಅಷ್ಟೇ ಆಗುತ್ತಿದೆ ಅನ್ನಿಸಿತು. ಇಷ್ಟು ದೊಡ್ಡವನಿಗೆ. ಅದೂ ತಾನು ಏನನ್ನುತ್ತೇನೋ ಎಂದು.

ಅವಳು ಜರುಗಿ ಅಪ್ಪನ ಪಕ್ಕ ಕೂತಳು.

"ಆ ಕಡೆ ಏನಿದೆಯಪ್ಪ?" ಎಂದಳು. "ತಿರುಗಿಸಿ ಹಾಕು, ಕೇಳೋಣ."