ಕೆಂಚವ್ವ ಎಳೆಯದ ಗೆರೆ

ಇಲ್ಲ, ರಾಜಕುಮಾರಿ ಅಲ್ಲ. ಚೆಲುವೆನೂ ಅಲ್ಲ, ಸುಮ್ಮನೆ ಆಸೆ ಇಟ್ಕೋಬೇಡಿ. ಕೆರೆ ತುಂಬಿದ್ರೆ ನೀರಿನ ಅಂಚು ಎಲ್ಲಿ ನಿಲ್ಲುತ್ತೆ ಅಂತ ಯಾವ ರಾಜಕುಮಾರಿಗೆ ಗೊತ್ತಿರುತ್ತೆ? ಕೆಂಚವ್ವನಿಗೆ ಗೊತ್ತಿತ್ತು. ವಯಸ್ಸು ಐವತ್ತು, ಜೊತೆಗೆ ಮಂಡಿನೋವು.

ಎಷ್ಟೋ ಕಾಲದ ಹಿಂದೆ ಹಾಲ್ಮಡು ಅನ್ನೋ ರಾಜ್ಯದಲ್ಲಿ ತಿಳಿಗಣ್ಣ ಅನ್ನೋ ಮಾಂತ್ರಿಕ ಕೆರೆಗಳ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದುಬಿಟ್ಟ. ರಾಜ ಡಂಗುರ ಹೊಡೆಸಿದ. ರಾಜರು ಇನ್ನೇನು ಮಾಡ್ತಾರೆ. ಜನ ಬಾವಿಯ ಕೆಸರು ಸೋಸಿ ಕುಡಿದರು.

"ಮೂರು ಗೆರೆ ಕೇಳ್ತೀನಿ," ಅಂದಿದ್ದ ಮಾಂತ್ರಿಕ. "ಮೂರಕ್ಕೂ ಸರಿಯಾಗಿ ಉತ್ತರ ಕೊಟ್ಟರೆ ನನ್ನ ಮಂತ್ರ ಸತ್ತ ಹಾಗೆ. ತಪ್ಪಿದ್ರೆ ಕಲ್ಲಾಗ್ತೀರಿ."

ಹೋದೋರೆಲ್ಲ ನೀರುಗಂಟಿಗಳು, ಕೆರೆ ನೀರು ಕಾಯೋದೇ ಕಸುಬಾದೋರು. ಕೆಂಚವ್ವನ ಅಣ್ಣ ಮೈಲಾರನೂ ಹೋದ. ಅವನಿಗಾಗ ಇಪ್ಪತ್ನಾಲ್ಕು, ಇವಳಿಗೆ ಹತ್ತು. ಯಾರೂ ವಾಪಸ್ ಬರಲಿಲ್ಲ. ನಲವತ್ತು ವರ್ಷ ಕೆಂಚವ್ವ ಒಣಗಿದ ಕೆರೆಗಳಲ್ಲಿ ತಿರುಗಿ, ಇಲ್ಲದ ನೀರಿಗೆ ಅಂಚು ಗುರುತು ಮಾಡ್ತಾ ವಿದ್ಯೆ ಕಲಿತಳು. ಕಲಿತಷ್ಟೂ ಅಣ್ಣ ಬರ್ತಾನೆ ಅನ್ನೋ ಆಸೆ ಸವೀತು. ಪೂರ್ತಿ ಸವೆದ ದಿನ ಸುಣ್ಣದ ಬುಟ್ಟಿ ಹಿಡ್ಕೊಂಡು ಹೊರಟಳು.

ಮಾಂತ್ರಿಕನ ಹಜಾರದ ನೆಲ ಬೋಗುಣಿ ತರ ತಗ್ಗು. ಅದರ ತುಂಬ ಕಲ್ಲಿನ ಮನುಷ್ಯರು. ಮೈಲಾರ ಬಗ್ಗಿ ನಿಂತಿದ್ದ, ಬೆರಳ ತುದೀಲಿ ಸುಣ್ಣ.

"ನಡುವಿಂದ ಮೂಡಲಿಗೋ ಪಡುವಲಿಗೋ ಎಷ್ಟು ಹೆಜ್ಜೆಯೋ ಅದನ್ನ ಅದರಿಂದಲೇ ಗುಣಿಸು," ಅಂದ ತಿಳಿಗಣ್ಣ, ಕಡ್ಡೀಲಿ ಹಲ್ಲು ಚುಚ್ಕೊಳ್ತಾ. "ಬಡಗಲು, ತೆಂಕಲ ಹೆಜ್ಜೆಗೂ ಹಂಗೇ. ಎರಡನ್ನೂ ಕೂಡು. ಅಲ್ಲಿ ನೆಲ ಅಷ್ಟು ಬೆರಳು ಎತ್ತರ. ಇಪ್ಪತ್ತೈದು ಬೆರಳು ನೀರು ಬಿಡ್ತೀನಿ. ಅಂಚಿಗೆ ಮೊದಲೇ ಗೆರೆ ಎಳಿ."

ಕೆಂಚವ್ವ ಮೂಡಲಿಗೆ ಮೂರು ಹೆಜ್ಜೆ ಹಾಕಿದಳು, ಬಡಗಲಿಗೆ ನಾಲ್ಕು. ಒಂಬತ್ತು, ಹದಿನಾರು, ಕೂಡಿದ್ರೆ ಇಪ್ಪತ್ತೈದು. ಅಲ್ಲೊಂದು ಚುಕ್ಕಿ ಇಟ್ಟಳು. ಮತ್ತೆ ನಡುವಿಂದ ನೇರ ಪಡುವಲಿಗೆ ಐದು ಹೆಜ್ಜೆ, ಇನ್ನೊಂದು ಚುಕ್ಕಿ. ಸುತ್ತಲೂ ಹಿಂಗೇ ಇಟ್ಟು ಕೂಡಿಸಿದಾಗ ದುಂಡನೆ ಬಳೆ ಆಯ್ತು. ನೀರು ಉಕ್ಕಿ ಬಂದು ಸುಣ್ಣ ಮುಟ್ಟಿ ನಿಂತಿತು, ಆಮೇಲೆ ಇಂಗಿತು.

"ಈಗ ಸೊನ್ನೆ ಬೆರಳು."

ಕೆಂಚವ್ವ ನಡುವಲ್ಲಿ ಒಂದೇ ಒಂದು ಚುಕ್ಕಿ ಇಟ್ಟಳು.

"ಗೆರೆ ಕೇಳಿದ್ರೆ ಚುಕ್ಕಿ ಇಡ್ತೀಯಲ್ಲಮ್ಮ. ಎಷ್ಟು ಜಿಪುಣಿ ನೀನು."

"ನಿನ್ನ ನೆಲ ಕೊಟ್ಟಿದ್ದೇ ಅಷ್ಟು, ನನ್ನ ಯಾಕೆ ಬೈತೀಯ?"

ಚುಕ್ಕಿ ಮಾತ್ರ ತೇವ ಆಯ್ತು. ತಿಳಿಗಣ್ಣ ಕಡ್ಡಿ ಬಿಸಾಕಿ ನಕ್ಕ. "ಸೊನ್ನೆಗಿಂತ ಒಂಬತ್ತು ಬೆರಳು ಕೆಳಗೆ."

ಕೆಂಚವ್ವ ಕಲ್ಲುಗಳ ಕಾಲಡಿ ನೋಡಿದಳು. ಎಲ್ಲರೂ ಒಂಬತ್ತು ಬೆರಳಿಗೆ ಅಂತ ನಡುವಿಂದ ಮೂರು ಹೆಜ್ಜೆ ದೂರದಲ್ಲಿ ಬಳೆ ಬರೆದಿದ್ರು. ಪಾಪ, ನೀರಿನ ಅಂಚು ಎಲ್ಲಿ ಅಂತ ಕೇಳಿದ್ರೆ ತೋರಿಸದೆ ಬಂದ ನೀರುಗಂಟಿ ಹುಟ್ಟೇ ಇರಲಿಲ್ಲ. ಅವಳು ಮನಸ್ಸಲ್ಲೇ ಹೆಜ್ಜೆ ಹಾಕಿದಳು. ಮೂಡಲು, ಪಡುವಲು, ಎಲ್ಲಿಗೆ ಹೋದ್ರೂ ತನ್ನಿಂದ ತಾನೇ ಗುಣಿಸಿಕೊಂಡದ್ದು ಸೊನ್ನೆಗಿಂತ ಕೆಳಗೆ ಇಳಿಯಲ್ಲ. ಅಂಥ ಎರಡು ಕೂಡಿದ್ರೂ ಇಳಿಯಲ್ಲ. ನಲವತ್ತು ವರ್ಷ ಕಲಿತದ್ದು ಇದಕ್ಕಾ ಅಂತ ಸುಣ್ಣದ ಕೈ ಸೀರೆಗೆ ಒರೆಸಿಕೊಂಡಳು.

"ಗೆರೆ ಇಲ್ಲ," ಅಂದಳು.

"ಎಳೀದಿದ್ರೆ ನಿನ್ನ ಅಣ್ಣ ಹೀಗೇ ಇರ್ತಾನೆ."

"ಎಳೆದ್ರೆ ಅವನ ಪಕ್ಕ ನಾನೂ ನಿಲ್ತೀನಿ." ಒಂದು ಗಳಿಗೆ ಅದೇ ವಾಸಿ ಅನ್ನಿಸ್ತು. ಮನೇಲಿ ಕಾಯೋರು ಯಾರೂ ಇರಲಿಲ್ಲ. ಬೆರಳು ಸುಣ್ಣಕ್ಕೆ ಹೋಯ್ತು, ವಾಪಸ್ ಬಂತು. "ಇಲ್ಲದ್ದನ್ನ ಬರೆಯೋಕೆ ನನಗೆ ಬರಲ್ಲ. ನಿನ್ನ ಅರಮನೇಲಿ ಆ ಜಾಗ ಎಲ್ಲೂ ಇಲ್ಲ."

ಬುಟ್ಟಿ ಕೆಳಗಿಟ್ಟಳು. ಅಣ್ಣನ ಕಲ್ಲು ಕೆನ್ನೆ ಸವರಿ, ಸೋತೆ ಅಂದುಕೊಂಡೇ ತಿರುಗಿದಳು.

ಅದೇ ಸರಿಯಾದ ಉತ್ತರ ಆಗಿತ್ತು. ಮಂತ್ರ ಸತ್ತಿತು. ತಿಳಿಗಣ್ಣನ ನಗು ಅರ್ಧಕ್ಕೆ ನಿಂತಿತು, ಕೂತಲ್ಲೇ ಕಲ್ಲಾದ. ಹೊರಗೆ ಕೆರೆಗಳು ತುಂಬಿದವು. ಕಲ್ಲಾಗಿದ್ದೋರು ಒಬ್ಬೊಬ್ಬರೇ ಮೈ ಕೊಡವಿ ಆಚೆ ನಡೆದರು. ಆಮೇಲೆ ಹಾಲ್ಮಡುವಿನ ಜನ ಸುಖವಾಗೇ ಇದ್ದರು.

ಮೈಲಾರ ಕಣ್ಣು ಉಜ್ಜಿಕೊಂಡ. ಅವನಿಗಿನ್ನೂ ಇಪ್ಪತ್ನಾಲ್ಕೇ. ಎದುರಿಗಿದ್ದ ನರೆಕೂದಲ ಹೆಂಗಸನ್ನ ದಿಟ್ಟಿಸಿದ.

"ಅವ್ವಾ, ನೀನ್ಯಾಕೆ ಬಂದೆ ಇಷ್ಟು ದೂರ? ಕೆಂಚಿ ಒಬ್ಬಳನ್ನೇ ಬಿಟ್ಟು ಬಂದ್ಯಾ?"

ಅವ್ವ ಸತ್ತು ಇಪ್ಪತ್ತು ವರ್ಷ ಆಗಿತ್ತು.

"ಒಬ್ಬಳೇ ಇದ್ದು ಅಭ್ಯಾಸ ಆಗಿದೆ ಅವಳಿಗೆ," ಅಂದಳು ಕೆಂಚವ್ವ. "ನಡಿ ಮಗ, ನೀನು ಮುಂದೆ ನಡಿ."

ಅವನನ್ನ ಹೊಸ್ತಿಲು ದಾಟಿಸಿ, ತಾನೂ ಆಚೆ ಬಂದು, ಬಾಗಿಲು ಎಳ್ಕೊಂಡಳು.