ಅವಳ ಪಾಲಿನ ಹೊಗಳಿಕೆ

"ಈ ಖಾಕಿ ಪ್ಯಾಂಟಲ್ಲಿ ಇನ್ನೊಂದು ಹೆಜ್ಜೆ ಮುಂದೆ ಬಂದ್ರೆ ಒಂದು ಮಗೂನೂ ನಿಮ್ ಕೈಗೆ ಸಿಕ್ಕಲ್ಲ ಸಾರ್."

ದಾರಿಗೆ ಅಡ್ಡ ನಿಂತು ಹಾಗೆಂದವಳು ಭಾಗ್ಯ. ಎದುರಿಗಿದ್ದವನು ಪೌಲೋಸ್, ಕೇಣಿಚಿರದ ಸಣ್ಣ ಮಿಷನ್ ಆಸ್ಪತ್ರೆಯ ಕಾಂಪೌಂಡರ್. ಸಿಡುಬಿನ ಲಸಿಕೆ ಹಾಕಲು ಚೇಕಾಡಿಯ ಕಾಡಂಚಿನ ಆದಿವಾಸಿ ಹಾಡಿಗೆ ಬಂದಿದ್ದ.

ಪುಲ್ಪಳ್ಳಿ ಠಾಣೆಯ ಮೇಲೆ ನಕ್ಸಲರು ದಾಳಿ ಮಾಡಿ ಆಗಿನ್ನೂ ಕೆಲವೇ ತಿಂಗಳು. ಅವರನ್ನು ಹುಡುಕುತ್ತಾ ಪೊಲೀಸರು ಹಾಡಿಗಳನ್ನೆಲ್ಲ ಜಾಲಾಡುತ್ತಿದ್ದರು. ಖಾಕಿ ಕಂಡರೆ ಸಾಕು, ಜನ ಮಕ್ಕಳನ್ನು ಎತ್ತಿಕೊಂಡು ಕಾಡು ಸೇರುತ್ತಿದ್ದರು.

ಬೇರೆ ಯಾರೇ ಆಗಿದ್ದರೂ ರೇಗುತ್ತಿದ್ದರು. ಪೌಲೋಸ್ ಮರುಮಾತಾಡದೆ ಹಿಂದಿರುಗಿ, ಯಾರದೋ ಮನೆಯಲ್ಲಿ ಬಿಳಿ ಮುಂಡು ಕೇಳಿ ಉಟ್ಟು ಬಂದ. ಅದು ಅವನ ಮೊಣಕಾಲಿಗೂ ಸಾಲುತ್ತಿರಲಿಲ್ಲ! ಭಾಗ್ಯ ನಗು ತಡೆಯಲು ಸೆರಗು ಕಚ್ಚಿಕೊಂಡಳು.

'ಇಂಥ ಗಂಡಸೂ ಇರ್ತಾರಾ...' ಅಂದುಕೊಂಡಳು.

ಮಾರನೆಯ ದಿನದಿಂದಲೇ ಪೌಲೋಸನ ಜೊತೆ ಹಾಡಿಗೆ ಹೋಗಲು ಅವಳಿಗೆ ಆಸ್ಪತ್ರೆಯಲ್ಲಿ ದಿನಗೂಲಿ ಕೆಲಸ ಸಿಕ್ಕಿತು. ಅವಳಪ್ಪ ಮಹದೇವಪ್ಪ ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ಈ ಮಲಯಾಳಿ ನಾಡಿಗೆ ಬಂದು ಗದ್ದೆ ಮಾಡಿದವರು. ಹಾಡಿಯ ಮಕ್ಕಳ ಜೊತೆ ಆಡಿ ಬೆಳೆದ ಅವಳಿಗೆ ಅವರ ಮಾತು ಚೆನ್ನಾಗಿ ಬರುತ್ತಿತ್ತು. ಅವಳು ಮೊದಲು ಹೋಗಿ ಗುಡಿಸಲ ಬಾಗಿಲಲ್ಲಿ ಕೂತು ಮಾತಾಡುವಳು, ತನ್ನ ತೋಳಿನ ಲಸಿಕೆ ಕಲೆ ತೋರಿಸುವಳು. ಹಿಂದಿನಿಂದ ಪೌಲೋಸ್ ಬರುವನು. ನಾಲ್ಕು ತಿಂಗಳಲ್ಲಿ ಒಂದು ತೋಳೂ ಬಾಕಿ ಉಳಿಯಲಿಲ್ಲ. ಅಷ್ಟರಲ್ಲಿ ಅವಳ ಮನಸ್ಸೂ ಅವಳ ಹಿಡಿತದಲ್ಲಿ ಉಳಿದಿರಲಿಲ್ಲ.

ಕೆಲಸ ಮುಗಿದಾಗ ಡಾಕ್ಟರು ಎಲ್ಲರನ್ನೂ ಸೇರಿಸಿ ಪೌಲೋಸನನ್ನು ಬಾಯ್ತುಂಬ ಹೊಗಳಿದರು. ಚೇಕಾಡಿಯಲ್ಲಿ ಒಬ್ಬರಿಗೂ ಸಿಡುಬು ಬರಲಿಲ್ಲವಲ್ಲ, ಇದು ಹೇಗೆ ಸಾಧ್ಯವಾಯಿತು ಎಂದು ಕೇಳಿದರು.

ಹಿಂದಿನ ಬೆಂಚಿನಲ್ಲಿದ್ದ ಭಾಗ್ಯಳ ಎದೆ ಡವಗುಟ್ಟಿತು. 'ಈಗ ನನ್ನ ಹೆಸರು ಹೇಳ್ತಾರೆ...' ಹೇಳಿದರೆ ಅವಳ ಕೆಲಸ ಕಾಯಂ ಆದೀತು. ಇಲ್ಲದಿದ್ದರೆ ಇನ್ನು ಅವಳಿಗೆ ಅಲ್ಲೇನು ಕೆಲಸ?

ಪೌಲೋಸ್ ತಲೆ ತಗ್ಗಿಸಿದ. ಯಾರಾದರೂ ಹೊಗಳಿದರೆ ಅದನ್ನು ದೇವರಿಗೆ ಒಪ್ಪಿಸಿಬಿಡಬೇಕೆಂದು ಅವನಮ್ಮ ಚಿಕ್ಕಂದಿನಿಂದ ಕಲಿಸಿದ್ದರು.

"ಇದರಲ್ಲಿ ಮನುಷ್ಯರು ಮಾಡಿದ್ದು ಏನೂ ಇಲ್ಲ ಡಾಕ್ಟರೇ. ಎಲ್ಲಾ ಕರ್ತನ ಕೃಪೆ."

ಎಂಥ ವಿನಯ ಎಂದು ಎಲ್ಲರೂ ಕೊಂಡಾಡಿದರು. ಭಾಗ್ಯಳ ಕಣ್ಣು ಮಾತ್ರ ತುಂಬಿ ಬಂತು. ಶನಿವಾರ ಗುಮಾಸ್ತರು ಅವಳನ್ನು ಕರೆದು, ಸೋಮವಾರದಿಂದ ಬರಬೇಕಾಗಿಲ್ಲ ಎಂದರು.

ಅವಳು ಹತ್ತಿದ ಬಸ್ಸಿನ ಹತ್ತಿರ ಓಡಿ ಬಂದ ಪೌಲೋಸ್‌ಗೆ ತನ್ನ ತಪ್ಪೇನೆಂದೇ ತಿಳಿದಿರಲಿಲ್ಲ. ತನ್ನ ಮೇಲೆ ಮುನಿಸೇಕೆ ಎಂದು ಕೇಳಿದ.

"ನಿಮ್ ಹೊಗಳಿಕೆ ನೀವು ದೇವರಿಗೆ ಕೊಟ್ರಿ, ಸಂತೋಷ ಸಾರ್. ನನ್ ಪಾಲಿಂದನ್ನೂ ಸೇರಿಸಿ ಕೊಟ್ರಲ್ಲ, ನನ್ನ ಕೇಳಿದ್ರಾ?"

ಬಸ್ಸು ಹೊರಟುಹೋಯಿತು.

ನಿಜ ಹೇಳಬೇಕೆಂದರೆ ಪೌಲೋಸನ ವಿನಯ ಶುರುವಾದದ್ದೇ ಆಮೇಲೆ. ಸೋಮವಾರ ಬೆಳಗಿನ ಪ್ರಾರ್ಥನೆಗೆ ಆಸ್ಪತ್ರೆಯವರೆಲ್ಲ ಸೇರಿದ್ದಾಗ ಎದ್ದು ನಿಂತು, ತನ್ನಿಂದ ತಪ್ಪಾಗಿದೆ ಎಂದ. ಸೂಜಿ ಹಿಡಿದದ್ದು ಮಾತ್ರ ತಾನು, ಜನ ತೋಳು ಚಾಚಿದ್ದು ಭಾಗ್ಯಳನ್ನು ನಂಬಿ. ದೇವರ ಕೃಪೆ ಹಾಡಿಗೆ ಹೋದದ್ದು ಅವಳ ಕಾಲ್ನಡಿಗೆಯಲ್ಲಿ. ಭಕ್ತಿಯ ಹೆಸರಲ್ಲಿ ತಾನು ಅವಳ ದುಡಿಮೆಯನ್ನೇ ಮುಚ್ಚಿಹಾಕಿದೆ ಎಂದು ಒಪ್ಪಿಕೊಂಡ.

ಆ ಸಂಜೆಯೇ ಅವಳ ಕೆಲಸ ಕಾಯಂ ಮಾಡಿದ ಕಾಗದ ಹಿಡಿದು ಚೇಕಾಡಿಯ ಗದ್ದೆಯ ಬದುವಿನ ಮೇಲೆ ಬಂದ. ನಡೆದದ್ದನ್ನು ಭಾಗ್ಯ ಕೆದಕಿ ಕೆದಕಿ ಕೇಳಬೇಕಾಯಿತು.

'ಹೊಗಳುವಾಗ ಯಾರು ಬೇಕಾದರೂ ತಲೆ ತಗ್ಗಿಸುತ್ತಾರೆ. ಈ ಮನುಷ್ಯ ಹೊಗಳಿದ ಜನರ ಮುಂದೆಯೇ ತಪ್ಪೊಪ್ಪಿಕೊಂಡು ಬಂದಿದ್ದಾನಲ್ಲ...' ಅಂದುಕೊಂಡಳು.

"ಪೌಲೋಸ್ ಚೇಟ್ಟಾ," ಎಂದಳು, ಮಲಯಾಳಿ ಹೆಂಗಸರು ತಮ್ಮವರನ್ನು ಕರೆಯುವ ಹಾಗೆ. ಸಾರ್ ಎನ್ನುವುದು ಅದೆಲ್ಲಿ ಹೋಯಿತೋ! "ನಿಮ್ಮಷ್ಟು ಒಳ್ಳೆಯೋರನ್ನ ನಾನು ಕಂಡಿಲ್ಲ."

ಅವನ ಮುಖ ಕೆಂಪಾಯಿತು. "ನನ್ನದೇನಿದೆ ಭಾಗ್ಯ, ಎಲ್ಲಾ ಕರ್ತನ..."

ಅವಳು ಅವನ ಕೈ ಹಿಡಿದುಕೊಂಡಳು. "ಇದೊಂದನ್ನ ಯಾರಿಗೂ ಕೊಡಬೇಡಿ. ನಿಮಗೇ ಅಂತ ಹೇಳಿದ್ದು."

"ಸರಿ, ಇಟ್ಕೊಳ್ತೀನಿ," ಎಂದ ಮೆಲ್ಲಗೆ. "ನಿಮ್ಮಪ್ಪನ ಹತ್ರ ಹೆಣ್ಣು ಕೇಳೋಕೆ ನಾಳೆ ಬರ್ಲಾ?"

"ಮೊದಲು ನನ್ನ ಕೇಳಿ."

ಅವನು ಕೇಳಿದ. ಅವಳು ಹೂಂ ಅಂದಳು.