ಒಂದಿಂಚು ಕಡಿಮೆಯಾದ ಗಾಜು

“ಎಲ್ಲಿ ನೋಡಾಕಹತ್ತಿ ನಾಜಿಮಾ? ಲೆಕ್ಕ ಇಲ್ಲೈತಿ,” ಎಂದು ಶಂಕರೆಪ್ಪ ಸರ್ ಬೋರ್ಡು ಬಡಿದರು.

ನಾಜಿಮಾ ತಲೆಯೆತ್ತಿದಳು. ಬೋರ್ಡಿನ ಮೇಲೆ ದೊಡ್ಡದೊಂದು ಕಳೆಯುವ ಲೆಕ್ಕವಿತ್ತು. ಅದರ ನಡುವೆ ಮೂವತ್ತಾರು ಎಂಬ ಅಂಕಿ ಕಂಡದ್ದೇ ತಡ, ಅವಳ ಎದೆ ಧಸಕ್ಕೆಂದಿತು. ಬೆಳಿಗ್ಗೆ ಬೈಲಹೊಂಗಲದ ಬಸ್ಸು ಹತ್ತುವಾಗ ಅಪ್ಪ ಮರೆಯಬಾರದೆಂದು ‘ಮೂವತ್ತೈದು, ಮೂವತ್ತೈದು’ ಅಂದುಕೊಳ್ಳುತ್ತಿದ್ದ. ಅವಳು ಹೇಳಿದ್ದು ಮೂವತ್ತಾರು.

ನಾಜಿಮಾಳ ಅಪ್ಪ ಮಲ್ಲಿಕಸಾಬ ಕಿತ್ತೂರಿನಲ್ಲಿ ಬಡಿಗ. ಇದೇ ಶಾಲೆಗೆ ಒಂದು ಗಾಜಿನ ಕಪಾಟು ಮಾಡುತ್ತಿದ್ದ. ಹೊಲ ಉಳುವಾಗ ಸಿಕ್ಕ ಕತ್ತಿಯ ಹಿಡಿ, ಹಿತ್ತಾಳೆಯ ಸೇರು, ಒಂದು ಕಟ್ಟು ತಾಳೆಗರಿ, ಹೀಗೆ ಊರವರು ಕೊಟ್ಟ ಹಳೆಯ ವಸ್ತುಗಳನ್ನು ಅದರಲ್ಲಿ ಇಡುವವರಿದ್ದರು. ಸಾಗವಾನಿಯ ಚೌಕಟ್ಟು ತಯಾರಾಗಿತ್ತು. ಅದರ ಅಳತೆಗೆ ಸರಿಯಾಗಿ ಗಾಜು ಕೊಯ್ಯಿಸಿ ತರಲು ಅಪ್ಪ ಹೋಗಿದ್ದ.

ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಬಲಿತ ಮೇಲೆ ಆಪರೇಷನ್ ಮಾಡೋಣ ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯ ತನಕ ಟೇಪಿನ ಅಂಕಿ ಓದುವ ಕೆಲಸ ನಾಜಿಮಾಳದು. “ಯಾರ ಮುಂದೂ ಅನಬ್ಯಾಡ,” ಎಂದಿದ್ದ ಅಪ್ಪ. “ಕಣ್ಣ ಕಾಣದ ಬಡಿಗ್ಯಾಗ ಕೆಲಸ ಯಾರ ಕೊಡ್ತಾರ?”

ಆ ಟೇಪೋ, ಅಪ್ಪನಿಗಿಂತ ಮುದುಕ. ಅದರ ಮೊದಲ ಇಂಚು ಮುರಿದು ಎಲ್ಲೋ ಬಿದ್ದುಹೋಗಿತ್ತು, ಅಂಕಿಗಳು ಒಂದರಿಂದಲೇ ಶುರುವಾಗುತ್ತಿದ್ದವು. ಅದಕ್ಕೇ ಅವಳು ಓದಿ ಹೇಳಿದ ಅಳತೆಯಲ್ಲಿ ಅಪ್ಪ ಯಾವಾಗಲೂ ಒಂದಿಂಚು ಕಳೆಯುತ್ತಿದ್ದ. ನಿನ್ನೆ ಟೇಪು ಮೂವತ್ತೇಳು ತೋರಿಸಿತ್ತು. ಅಪ್ಪನಿಗ್ಯಾಕೆ ತ್ರಾಸು ಎಂದು ನಮ್ಮ ಜಾಣೆ ತಾನೇ ಒಂದು ಕಳೆದು, ಮೂವತ್ತಾರು ಎಂದುಬಿಟ್ಟಿದ್ದಳು. ಕಳೆದದ್ದನ್ನು ಮಾತ್ರ ಹೇಳಿರಲಿಲ್ಲ. ಅಪ್ಪ ರೂಢಿಯಂತೆ ಇನ್ನೊಂದು ಕಳೆದಿದ್ದ.

ದೊಡ್ಡ ಗಾಜನ್ನು ಸಣ್ಣದು ಮಾಡಬಹುದು. ಸಣ್ಣದನ್ನು ದೊಡ್ಡದು ಮಾಡುವುದು ಯಾರಿಂದ ಆದೀತು?

ನೀರು ಕುಡಿಯುವ ನೆಪ ಹೇಳಿ ನಾಜಿಮಾ ಹೊರಗೆ ಬಂದವಳೇ ಎಸ್‌ಟಿಡಿ ಬೂತಿಗೆ ಓಡಿದಳು. ಬೂತಿನ ನಿಜಗುಣಪ್ಪ ಕಾಕಾನಿಗೆ ಗಾಜಿನ ಅಂಗಡಿಯ ನಂಬರು ಬಾಯಿಗೇ ಬರುತ್ತಿತ್ತು. ಡಯಲ್ ಮಾಡಿ ರಿಸೀವರ್ ಕೊಟ್ಟ. ಕೊಟ್ಟವನು ಅಲ್ಲೇ ಕಿವಿ ನಿಮಿರಿಸಿ ನಿಂತ. ಕಾಕಾನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಊರು ಸುತ್ತುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಂಗಡಿಯವರು ಅಪ್ಪನನ್ನು ಕರೆದರು.

“ಅಬ್ಬಾ,” ಎಂದು ಅಪ್ಪನನ್ನು ಕರೆದಳು, ದನಿ ತಗ್ಗಿಸಿ. “ನಿನ್ನೆ ಹೇಳಿದ್ನಲ್ಲ, ಅದರಾಗ ನಾ ಮೊದಲ ಒಂದ ಕಳದಿದ್ದೆ.”

“ಕೊಯ್ದ ಮುಗೀತು, ಬೇಟಾ,” ಎಂದ ಅಪ್ಪ. “ಸಾಲಿಗೆ ಹೋಗು.”

ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಬೈಯಲಿಲ್ಲ. ಸಂಜೆ ಗೋಣಿತಟ್ಟು ಸುತ್ತಿದ ಗಾಜನ್ನು ಗೋಡೆಗೆ ಒರಗಿಸಿಟ್ಟು, ಸಾಗವಾನಿಯ ಒಂದು ಪಟ್ಟಿ ಉಜ್ಜುತ್ತ ಕುಳಿತ. ಹೆಡ್‌ಮಾಸ್ತರರ ಮುಂದೆ ಒಪ್ಪಿಕೊಳ್ಳಲೆಂದು ನಾಜಿಮಾ ಮಲಗಿದಾಗಲೂ ‘ತಪ್ಪ ನಂದ್ರಿ ಸರ, ತಪ್ಪ ನಂದ್ರಿ ಸರ’ ಎಂದು ಬಾಯಿಪಾಠ ಮಾಡಿದಳು.

ಮರುದಿನ ಶಾಲೆಯಲ್ಲಿ ಅಪ್ಪ ಚೌಕಟ್ಟಿಗೆ ಗಾಜು ಕೂಡಿಸಿದ. ಒಂದು ಬದಿಗೆ ಹೆಬ್ಬೆರಳು ತೂರುವಷ್ಟು ಸಂದು ಉಳಿಯಿತು. ಹೆಡ್‌ಮಾಸ್ತರ್ ರಾಮಲಿಂಗಪ್ಪನವರು ಆ ಸಂದನ್ನು ನೋಡಿದರು. ಇಂಥವೇ ಇನ್ನೂ ಎರಡು ಕಪಾಟು ಮಾಡಿಸುವ ವಿಚಾರವಿತ್ತು, ಇನ್ನು ಬೇರೆ ಬಡಿಗನನ್ನು ನೋಡಬೇಕೋ ಏನೋ ಎಂದರು. ಆಮೇಲೆ ಅಪ್ಪನ ಮುಖವನ್ನೇ ನೋಡುತ್ತ ಕೇಳಿದರು.

“ಮಲ್ಲಿಕಸಾಬರ, ನಿಮಗ ಕಣ್ಣ ಸರಿ ಕಾಣ್ತಾವಿಲ್ಲೋ?”

ಚೌಕಟ್ಟಿನ ಮೇಲೆ ಅಪ್ಪನ ಕೈ ನಿಂತುಹೋಯಿತು.

ನಾಜಿಮಾ ಬಾಯಿ ತೆರೆದಿದ್ದಳು. ರಾತ್ರಿಯೆಲ್ಲ ಕಲಿತ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಳತೆ ಓದಿದ್ದು ನಾನು ಎಂದರೆ ತನ್ನ ಎದೆಯೇನೋ ಹಗುರಾಗುತ್ತದೆ. ಆದರೆ ಹೆಡ್‌ಮಾಸ್ತರು ಅಷ್ಟಕ್ಕೇ ಬಿಡುತ್ತಾರೆಯೇ? ನಿಮ್ಮಪ್ಪ ಯಾಕೆ ಓದಲಿಲ್ಲ ಎಂದು ಕೇಳುತ್ತಾರೆ. ಮಾತನ್ನು ನುಂಗಿಕೊಂಡಳು.

“ಟೇಪ್ ಮುರದೇತ್ರಿ ಸರ. ಲೆಕ್ಕದಾಗ ಒಂದಿಂಚ ತಪ್ಪಿದೆ,” ಎಂದ ಅಪ್ಪ. “ಪಟ್ಟಿ ಬಡದು ಸಂದ ಮುಚ್ಚತೇನಿ. ನೋಡ್ರಿ, ಮನಸ್ಸಿಗೆ ಬರದಿದ್ರ ಬ್ಯಾಡನ್ರಿ.”

ಹೆಡ್‌ಮಾಸ್ತರು ಕೈಕಟ್ಟಿ ನಿಂತರು. ಬಡಿಯಿರಿ, ನೋಡೋಣ ಎಂದರು.

ಅಪ್ಪ ಎಡಗೈಯಲ್ಲಿ ಪಟ್ಟಿ ಒತ್ತಿ ಹಿಡಿದು, ಬಲಗೈಯನ್ನು ಮೊಳೆಗಾಗಿ ಕೆಳಗೆ ಚಾಚಿದ. ಬೆರಳುಗಳು ಬರಿಯ ನೆಲವನ್ನು ತಡವಿದವು. ಮೊಳೆಯ ಡಬ್ಬಿ ಒಂದು ಗೇಣು ಆಚೆಗಿತ್ತು.

ನಾಜಿಮಾ, ಕಪಾಟಿನಲ್ಲಿಡಲು ನೆಲದ ಮೇಲೆ ತಂದಿಟ್ಟಿದ್ದ ಕತ್ತಿಯ ಹಿಡಿಯನ್ನು ನೋಡುವವಳಂತೆ ಅಲ್ಲೇ ಕುಕ್ಕರಗಾಲಲ್ಲಿ ಕುಳಿತಳು. ಕುಳಿತವಳು ಡಬ್ಬಿಯನ್ನು ಪಾದದಿಂದ ಮೆಲ್ಲಗೆ ಅಪ್ಪನ ಬೆರಳಿಗೆ ಸರಿಸಿದಳು. ಅಪ್ಪ ಮೊಳೆ ತೆಗೆದುಕೊಂಡ. ಅವಳ ಕಡೆ ತಿರುಗಲಿಲ್ಲ, ಅವಳೂ ತಲೆಯೆತ್ತಲಿಲ್ಲ.

ಮೊಳೆಗೂ ಗಾಜಿಗೂ ನಡುವೆ ಇದ್ದದ್ದು ಬೆರಳಗಲ ಜಾಗ. ಅಪ್ಪ ಹೆಬ್ಬೆರಳಿನಿಂದ ಮೊಳೆಯ ತಲೆಯನ್ನು ಒಮ್ಮೆ ಮುಟ್ಟಿ ನೋಡಿ, ಸುತ್ತಿಗೆ ಎತ್ತಿದ.

ಪೆಟ್ಟು ಮೊಳೆಯ ಮೇಲೇ ಬಿತ್ತು.